ಉಪ್ಪು ತುಂಬಿದ ಸಾಬೂನು ನೊರೆ ಕೊಡುವುದು ಹೇಗೆ?

ಸಾಬೂನು ಕಾರ್ಖಾನೆಗಳಲ್ಲಿ ಉಪ್ಪಿಗೆ ಒಂದು ಹಳೆಯ ಕೆಲಸವಿದೆ. ಎಣ್ಣೆಯೂ ಕಾಸ್ಟಿಕ್ ಸೋಡಾವೂ ಕಡಾಯಿಯಲ್ಲಿ ಕುದಿದು ಸಾಬೂನಾದ ಮೇಲೆ ಅದಕ್ಕೆ ಉಪ್ಪು ಸುರಿಯುತ್ತಾರೆ. ನೀರಿನಲ್ಲಿ ಕರಗಿಕೊಂಡಿದ್ದ ಸಾಬೂನು ಆಗ ನೀರನ್ನು ತೊರೆದು ಗಟ್ಟಿಯಾಗಿ ಮೇಲೆ ತೇಲುತ್ತದೆ, ಗ್ಲಿಸರಿನ್ ಉಪ್ಪುನೀರಿನೊಂದಿಗೆ ಕೆಳಗೆ ಉಳಿಯುತ್ತದೆ. ಅಂದರೆ ಉಪ್ಪು ಹೆಚ್ಚಾದ ನೀರಿನಲ್ಲಿ ಸಾಬೂನು ನಿಲ್ಲುವುದಿಲ್ಲ. ಕರಗದ ಸಾಬೂನು ನೊರೆಯನ್ನೂ ಕೊಡುವುದಿಲ್ಲ, ಕೊಳೆಯನ್ನೂ ತೆಗೆಯುವುದಿಲ್ಲ. ಹೀಗಿರುವಾಗ ಎಣ್ಣೆಯ ತೂಕದ ಅರ್ಧದಷ್ಟು, ಕೆಲವೊಮ್ಮೆ ಎಣ್ಣೆಯಷ್ಟೇ ತೂಕದ ಉಪ್ಪನ್ನು ಬೆರೆಸಿ ಸ್ನಾನದ ಸಾಬೂನು ಮಾಡುವುದಾದರೂ ಹೇಗೆ?

ಮನೆಯಲ್ಲಿ ಸಾಬೂನು ಮಾಡುವ ಹವ್ಯಾಸ ಹಿಡಿದ ಗೋವಾದ ಕನ್ನಡಿಗರು, ವಾಸ್ಕೋದವರಿರಲಿ ಮಡಗಾಂವಿನವರಿರಲಿ, ಬೇಗನೆ ಈ ಉಪ್ಪಿನ ಸಾಬೂನಿನ ಕಡೆಗೆ ವಾಲುತ್ತಾರೆ. ಅದು ಸಹಜವೇ. ಇದಕ್ಕೆ ಬೇಕಾದ ತೆಂಗಿನೆಣ್ಣೆ ಮತ್ತು ಉಪ್ಪು ಎರಡೂ ಈ ಕರಾವಳಿಯವು. ಆದರೆ ಮೊಬೈಲಿನಲ್ಲಿ ಸಿಗುವ ಪಾಕವಿಧಾನಗಳು ಬಹುಪಾಲು ಒಣ ಹವೆಯ ತಂಪು ದೇಶಗಳವರು ಬರೆದವು. ಅವುಗಳ ಅಳತೆಯನ್ನಷ್ಟೇ ನಕಲು ಮಾಡಿದವರ ಸಾಬೂನು ಒಂದೋ ಕತ್ತರಿಸುವಾಗ ಪುಡಿಯಾಗುತ್ತದೆ, ಇಲ್ಲವೇ ಜುಲೈ ತಿಂಗಳಲ್ಲಿ ತಾನೇ ನೀರು ಬಿಡುತ್ತದೆ. ಉಪ್ಪಿಗೂ ಸಾಬೂನಿಗೂ ಇರುವ ಈ ವೈರವನ್ನು ಒಮ್ಮೆ ಸರಿಯಾಗಿ ಅರ್ಥ ಮಾಡಿಕೊಂಡರೆ ಯಾವ ಎಣ್ಣೆ, ಎಷ್ಟು ಕಾಸ್ಟಿಕ್, ಯಾವಾಗ ಕತ್ತರಿಸಬೇಕು, ಯಾವ ತಿಂಗಳಲ್ಲಿ ಮಾಡಬೇಕು ಎಂಬ ನಿಯಮಗಳೆಲ್ಲ ಅದರಿಂದಲೇ ಹೊರಡುತ್ತವೆ ಎಂಬುದು ನನ್ನ ಅನುಭವ.

ಎಣ್ಣೆಯ ಅಣುವಿನಲ್ಲಿ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಿನ್‌ಗೆ ಅಂಟಿಕೊಂಡಿರುತ್ತವೆ. ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಆ ಬಂಧವನ್ನು ಕಡಿಯುತ್ತದೆ. ಬಿಡುಗಡೆಯಾದ ಕೊಬ್ಬಿನಾಮ್ಲ ಸೋಡಿಯಂ ಜೊತೆ ಸೇರಿ ಸಾಬೂನಾಗುತ್ತದೆ, ಗ್ಲಿಸರಿನ್ ಹಾಗೆಯೇ ಒಳಗೆ ಉಳಿಯುತ್ತದೆ. ಒಲೆಯ ಮೇಲೆ ಕುದಿಸದೆ, ಈ ಕ್ರಿಯೆಯಲ್ಲೇ ಹುಟ್ಟುವ ಶಾಖದಿಂದ ಅದು ಮುಗಿಯುವಂತೆ ಮಾಡುವ ವಿಧಾನಕ್ಕೆ ಕೋಲ್ಡ್ ಪ್ರೋಸೆಸ್ ಎಂದು ಹೆಸರು. ತಯಾರಾದ ಸಾಬೂನಿನಲ್ಲಿ ಕಾಸ್ಟಿಕ್ ಉಳಿದಿರಬಾರದು. ಎಲ್ಲ ಕಾಸ್ಟಿಕ್ ಎಣ್ಣೆಯೊಂದಿಗೆ ಸೇರಿ ಸಾಬೂನಾಗಿರಬೇಕು. ಅದಕ್ಕಾಗಿಯೇ ತೂಕದ ಲೆಕ್ಕ ಇಲ್ಲಿ ಇಷ್ಟು ಮುಖ್ಯವಾಗುವುದು.

ಇನ್ನು ಉಪ್ಪು. ಅಡುಗೆಯ ಉಪ್ಪು ಸೋಡಿಯಂ ಕ್ಲೋರೈಡ್. ಸಾಬೂನಿನಲ್ಲೂ ಸೋಡಿಯಂ, ಉಪ್ಪಿನಲ್ಲೂ ಸೋಡಿಯಂ. ನೀರಿನಲ್ಲಿ ಉಪ್ಪಿನ ಸೋಡಿಯಂ ಆಗಲೇ ತುಂಬಿಕೊಂಡಿದ್ದರೆ ಸಾಬೂನಿಗೆ ಕರಗಲು ಅವಕಾಶ ಕಡಿಮೆಯಾಗುತ್ತದೆ. ಎಷ್ಟು ಕಡಿಮೆ ಎಂಬುದನ್ನು ನಿರ್ಧರಿಸುವುದು ಕೊಬ್ಬಿನಾಮ್ಲದ ಉದ್ದ. ತಾಳೆ ಎಣ್ಣೆಯಲ್ಲಿ ಹೇರಳವಾಗಿರುವ ಪಾಮಿಟಿಕ್ ಆಮ್ಲದಲ್ಲಿ 16 ಇಂಗಾಲದ ಪರಮಾಣುಗಳ ಸರಪಳಿ, ಪ್ರಾಣಿಕೊಬ್ಬಿನ ಸ್ಟಿಯರಿಕ್ ಆಮ್ಲದಲ್ಲಿ 18. ಇವುಗಳ ಸಾಬೂನು ಸ್ವಲ್ಪ ಉಪ್ಪು ಕಂಡರೂ ನೀರನ್ನು ಬಿಟ್ಟುಬಿಡುತ್ತದೆ. ತೆಂಗಿನೆಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ, ಅದರ ಸರಪಳಿಯಲ್ಲಿ 12 ಪರಮಾಣುಗಳು ಮಾತ್ರ. ಸರಪಳಿ ಗಿಡ್ಡವಾದಷ್ಟೂ ನೀರಿನ ಜೊತೆ ಹೊಂದಾಣಿಕೆ ಹೆಚ್ಚು. ಹಾಗಾಗಿ ಲಾರಿಕ್ ಆಮ್ಲದ ಸಾಬೂನು ಉಪ್ಪುನೀರಿನಲ್ಲೂ ಕರಗಿ ನೊರೆ ಕೊಡುತ್ತದೆ. ಹಡಗಿನಲ್ಲಿ ಸಿಹಿನೀರನ್ನು ಕುಡಿಯಲು ಕಾಯ್ದಿಟ್ಟುಕೊಂಡು ಸಮುದ್ರದ ನೀರಿನಲ್ಲೇ ಸ್ನಾನ ಮಾಡಬೇಕಿದ್ದ ನಾವಿಕರು ತೆಂಗಿನೆಣ್ಣೆಯ ಸಾಬೂನನ್ನು ಬಳಸುತ್ತಿದ್ದುದು ಇದಕ್ಕೇ. ಸಮುದ್ರದ ನೀರಿನಲ್ಲಿ ಉಪ್ಪಿನಂಶ ಸುಮಾರು ಶೇಕಡಾ 3.5. ಬೇರೆ ಸಾಬೂನು ಅಲ್ಲಿ ಜಿಗುಟಾಗಿ ಮೈಗೆ ಮೆತ್ತಿಕೊಂಡರೆ ತೆಂಗಿನೆಣ್ಣೆಯದು ಕೆಲಸ ಮಾಡುತ್ತದೆ.

ಹಾಗಾಗಿ ಉಪ್ಪಿನ ಸಾಬೂನಿಗೆ ತೆಂಗಿನೆಣ್ಣೆ ಅನಿವಾರ್ಯ. ಕನಿಷ್ಠ ಶೇಕಡಾ 80, ನನ್ನ ಮಾತು ಕೇಳುವುದಾದರೆ 90 ಇಲ್ಲವೇ ಪೂರ್ತಿ ನೂರು. ಆಲಿವ್ ಎಣ್ಣೆಯೋ ಬಾದಾಮಿ ಎಣ್ಣೆಯೋ ಸೇರಿಸಿದರೆ ಚರ್ಮಕ್ಕೆ ಇನ್ನೂ ಒಳ್ಳೆಯದು ಎಂದುಕೊಂಡು ಅವನ್ನು ಹೆಚ್ಚಿಸುತ್ತಾ ಹೋದಂತೆ ನೊರೆ ಕುಗ್ಗುತ್ತದೆ. ಶೇಕಡಾ ಹತ್ತರಷ್ಟು ಹರಳೆಣ್ಣೆ ಸೇರಿಸುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿದೆ, ಅದರಿಂದ ನೊರೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಆದರೆ ತೆಂಗಿನೆಣ್ಣೆಯ ಸಾಬೂನಿಗೆ ಒಂದು ದೋಷವೂ ಇದೆ. ನೀರಿನಲ್ಲಿ ಸುಲಭವಾಗಿ ಕರಗುವ ಅದೇ ಗಿಡ್ಡ ಸರಪಳಿ ಚರ್ಮದ ಸಹಜ ಜಿಡ್ಡನ್ನೂ ಅಷ್ಟೇ ಸುಲಭವಾಗಿ ಎತ್ತಿಕೊಂಡು ಹೋಗುತ್ತದೆ. ಬರೀ ತೆಂಗಿನೆಣ್ಣೆಯಿಂದ, ಎಲ್ಲ ಎಣ್ಣೆಯೂ ಸಾಬೂನಾಗುವಂತೆ ಮಾಡಿದರೆ ಅದು ಬಟ್ಟೆ ಒಗೆಯುವುದಕ್ಕೆ ಉತ್ತಮ, ಮೈಗೆ ಬಲು ಕಟು. ಪರಿಹಾರವೆಂದರೆ ಒಂದಷ್ಟು ಎಣ್ಣೆ ಸಾಬೂನಾಗದೆ ಉಳಿಯುವಂತೆ ಕಾಸ್ಟಿಕ್ ಕಡಿಮೆ ಹಾಕುವುದು. ಇದನ್ನು ಸೂಪರ್‌ಫ್ಯಾಟ್ ಎನ್ನುತ್ತಾರೆ. ಸಾಮಾನ್ಯ ಸಾಬೂನಿನಲ್ಲಿ ಅದು ಶೇಕಡಾ 5ರ ಸುಮಾರು ಇದ್ದರೆ, ಉಪ್ಪಿನ ಸಾಬೂನಿನಲ್ಲಿ 15ರಿಂದ 20. ಇಷ್ಟು ಎಣ್ಣೆ ಉಳಿದರೆ ಕಮಟು ಹಿಡಿಯುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸೂರ್ಯಕಾಂತಿ ಎಣ್ಣೆಯಾಗಿದ್ದರೆ ಹಿಡಿಯುತ್ತಿತ್ತು. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇಕಡಾ 90ರಷ್ಟು ಪರ್ಯಾಪ್ತ ಜಾತಿಯವು. ಅವು ಗಾಳಿಯ ಆಮ್ಲಜನಕಕ್ಕೆ ಸುಲಭವಾಗಿ ಮಣಿಯುವುದಿಲ್ಲ.

ಈಗ ಲೆಕ್ಕ. ಒಂದು ಗ್ರಾಂ ತೆಂಗಿನೆಣ್ಣೆ ಪೂರ್ತಿ ಸಾಬೂನಾಗಲು ಸುಮಾರು 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. 500 ಗ್ರಾಂ ಎಣ್ಣೆಗೆ 91.5 ಗ್ರಾಂ. ಶೇಕಡಾ 20ರಷ್ಟು ಎಣ್ಣೆ ಉಳಿಯಬೇಕೆಂದರೆ ಅದರ ಐದನೇ ನಾಲ್ಕು ಭಾಗ, ಅಂದರೆ 73 ಗ್ರಾಂ. ನೀರು ಕಾಸ್ಟಿಕ್‌ನ ಎರಡು ಪಟ್ಟು, 146 ಗ್ರಾಂ. ಉಪ್ಪು 250ರಿಂದ 500 ಗ್ರಾಂವರೆಗೆ ನಡೆಯುತ್ತದೆ, ಮೊದಲ ಸಲಕ್ಕೆ 300 ಸಾಕು. ಐವತ್ತು ಗ್ರಾಂ ಎಣ್ಣೆಯ ಬದಲು ಹರಳೆಣ್ಣೆ ಹಾಕುವುದಾದರೆ ಅದರ ಅಂಕಿ 0.128ರ ಸುಮಾರು, ಆಗ ಕಾಸ್ಟಿಕ್ 71 ಗ್ರಾಂಗೆ ಇಳಿಯುತ್ತದೆ. ಎಣ್ಣೆ ಬದಲಾದಾಗಲೆಲ್ಲ ಲೆಕ್ಕವನ್ನು ಹೊಸದಾಗಿ ಮಾಡಲೇಬೇಕು.

ತೂಕ ಎಂದಾಗ ತೂಕವೇ, ಅಳತೆಯ ಲೋಟವಲ್ಲ. ತೆಂಗಿನೆಣ್ಣೆ ನೀರಿಗಿಂತ ಹಗುರ, ಅರ್ಧ ಲೀಟರ್ ಬಾಟಲಿಯಲ್ಲಿರುವುದು ಹೆಚ್ಚುಕಡಿಮೆ 460 ಗ್ರಾಂ. ಅದನ್ನು 500 ಗ್ರಾಂ ಎಂದುಕೊಂಡು 73 ಗ್ರಾಂ ಕಾಸ್ಟಿಕ್ ಹಾಕಿದರೆ 20 ಎಂದು ನೀವು ಭಾವಿಸಿದ ಸೂಪರ್‌ಫ್ಯಾಟ್ ನಿಜದಲ್ಲಿ 13 ಆಗಿರುತ್ತದೆ. ಇದು ಉಪ್ಪಿನ ಸಾಬೂನಾದ್ದರಿಂದ ಬಚಾವು. ಶೇಕಡಾ 5ರ ಲೆಕ್ಕದಲ್ಲಿ ಇದೇ ತಪ್ಪಾದರೆ ಕಾಸ್ಟಿಕ್ ಮಿಗುತ್ತದೆ, ಆ ಸಾಬೂನು ಮೈಯನ್ನು ಸುಡುತ್ತದೆ. ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಎಣ್ಣೆಯೂ ಅಡುಗೆಗೆ ಯೋಗ್ಯವಾದ ಶುದ್ಧ ತೆಂಗಿನೆಣ್ಣೆಯೇ ಆಗಿರಲಿ. ತಲೆಗೆ ಹಚ್ಚಲೆಂದು ಮಾರುವ ಸುಗಂಧದ ಎಣ್ಣೆಗಳಲ್ಲಿ ಖನಿಜ ತೈಲ ಬೆರೆತಿರಬಹುದು. ಖನಿಜ ತೈಲ ಎಂದೂ ಸಾಬೂನಾಗುವುದಿಲ್ಲ, ನಿಮ್ಮ ಲೆಕ್ಕವನ್ನು ಕೆಡಿಸುತ್ತದೆ.

ಕಾಸ್ಟಿಕ್ ಸೋಡಾದ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಅದು ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ, ಕಿಟಕಿ ತೆರೆದಿಟ್ಟು, ಕಣ್ಣನ್ನು ಸುತ್ತಲೂ ಮುಚ್ಚುವ ಕನ್ನಡಕ, ರಬ್ಬರ್ ಕೈಗವಸು, ತುಂಬುತೋಳಿನ ಹತ್ತಿ ಬಟ್ಟೆ ಹಾಕಿಕೊಂಡೇ ಕೆಲಸ ಮಾಡಿ. ತಣ್ಣನೆಯ ನೀರಿಗೆ ಕಾಸ್ಟಿಕ್ ಚಕ್ಕೆಗಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಸುರಿದರೆ ಒಂದೇ ಕಡೆ ಶಾಖ ಹೆಪ್ಪುಗಟ್ಟಿ ದ್ರಾವಣ ಮೇಲಕ್ಕೆ ಚಿಮ್ಮುತ್ತದೆ. ಸರಿಯಾಗಿ ಮಾಡಿದರೂ ಕೆಲವೇ ಕ್ಷಣಗಳಲ್ಲಿ ನೀರು ಕೈ ಸುಡುವಷ್ಟು ಕಾಯುತ್ತದೆ, ಗಂಟಲು ಕೆರೆಯುವ ಆವಿ ಏಳುತ್ತದೆ. ಮುಖವನ್ನು ದೂರ ಹಿಡಿಯಿರಿ. ಪಾತ್ರೆ ಸ್ಟೀಲ್‌ನದಾಗಿರಲಿ ಅಥವಾ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನದು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಜರ್ಮನ್ ಎಂದು ಕರೆಯುವ ಅಲ್ಯೂಮಿನಿಯಂ ಪಾತ್ರೆ, ಹಿಂಡಾಲಿಯಂ ಬೋಗುಣಿ, ಎರಡೂ ಬೇಡವೇ ಬೇಡ. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ತಿಂದು, ಬೆಂಕಿ ಹೊತ್ತಿಕೊಳ್ಳಬಲ್ಲ ಹೈಡ್ರೋಜನ್ ಅನಿಲವನ್ನು ಹೊರಬಿಡುತ್ತದೆ. ಮೋರಿಯ ಅಡಚಣೆ ತೆಗೆಯಲೆಂದು ಮಾರುವ ಪುಡಿಗಳಲ್ಲಿ ಬೇರೆ ವಸ್ತುಗಳು ಬೆರೆತಿರುತ್ತವೆ, ಅವು ಸಾಬೂನಿಗೆ ಸಲ್ಲವು. ಚರ್ಮಕ್ಕೆ ತಗುಲಿದರೆ ಹರಿಯುವ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆಯುತ್ತಲೇ ಇರಿ. ವಿನೆಗರ್ ಹಚ್ಚುವ ಸಲಹೆಯನ್ನು ನಂಬಬೇಡಿ. ಕಣ್ಣಿಗಾದರೆ ಕೂಡಲೇ ತೊಳೆಯಲು ಶುರುಮಾಡಿ, ಅಷ್ಟು ಹೊತ್ತು ತೊಳೆದ ಬಳಿಕ ತಡಮಾಡದೆ ಆಸ್ಪತ್ರೆಗೆ ಹೋಗಿ.

ನೀರು ಆರ್‌ಒ ಯಂತ್ರದ್ದಾದರೆ ಸಾಕು. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಕರಗದ ಬಿಳಿ ಗಸಿಯಾಗುತ್ತವೆ. ಇದೇ ಕಾರಣಕ್ಕೆ ಉಪ್ಪಿನ ಆಯ್ಕೆಯಲ್ಲೂ ಎಚ್ಚರ ಬೇಕು. ಗೋವಾದಲ್ಲಿ ಈ ವಿಷಯ ತುಸು ಮನಸ್ಸಿಗೆ ನೋವು ಕೊಡುವಂಥದ್ದು. ಪೆಡ್ಣೆಯ ಆಗರವಾಡದಂಥ ಊರುಗಳಲ್ಲಿ ಇಂದಿಗೂ ನದಿಯ ಉಬ್ಬರದ ನೀರನ್ನು ಗದ್ದೆಗೆ ಬಿಟ್ಟು, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಗೋಕರ್ಣದ ಪಕ್ಕದ ಸಾಣಿಕಟ್ಟಾ ಉಪ್ಪಿನ ರುಚಿ ಬಲ್ಲ ನಮ್ಮವರಿಗೆ ಅದನ್ನು ಕಂಡಾಗ ಆತ್ಮೀಯವೆನಿಸುತ್ತದೆ, ಸಾಬೂನಿಗೂ ಅದನ್ನೇ ಹಾಕೋಣ ಎನಿಸುತ್ತದೆ. ಆದರೆ ಸಂಸ್ಕರಿಸದ ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಉಳಿದಿರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುವುದರಲ್ಲಿ ಸಾಮಾನ್ಯ ಉಪ್ಪಿಗಿಂತ ಎಷ್ಟೋ ಮುಂದೆ. ಆಗರದ ಉಪ್ಪನ್ನು ಉಪ್ಪಿನಕಾಯಿಗೂ ಮೀನಿಗೂ ಬಳಸಿ, ಬಳಸಲೇಬೇಕು. ಸಾಬೂನಿಗೆ ಮಾತ್ರ ಅಂಗಡಿಯ ನುಣ್ಣನೆಯ ಪುಡಿ ಉಪ್ಪೇ ಲೇಸು, ಅಯೋಡಿನ್ ಇದ್ದರೂ ತೊಂದರೆಯಿಲ್ಲ. ಎಪ್ಸಮ್ ಉಪ್ಪು ಮೆಗ್ನೀಸಿಯಂ ಸಲ್ಫೇಟ್ ಆದ್ದರಿಂದ ಪೂರ್ತಿ ವರ್ಜ್ಯ. ಗುಲಾಬಿ ಬಣ್ಣದ ಕಲ್ಲುಪ್ಪಿನ ಹರಳು ದಪ್ಪಗಿದ್ದರೆ ಮೈ ಗೀರುತ್ತದೆ.

ಕಾಸ್ಟಿಕ್ ದ್ರಾವಣ 35ರಿಂದ 40 ಡಿಗ್ರಿಗೆ ತಣಿದ ಮೇಲೆ ಎಣ್ಣೆಗೆ ಸುರಿದು ಹ್ಯಾಂಡ್ ಬ್ಲೆಂಡರ್‌ನಿಂದ ಕಲಸಬೇಕು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯಲ್ಲೇ ಕರಗುವುದರಿಂದ ಗೋವಾದಲ್ಲಿ ವರ್ಷದ ಬಹುಕಾಲ ಅದನ್ನು ಕಾಯಿಸುವ ಪ್ರಶ್ನೆಯೇ ಬರುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮಿಶ್ರಣ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ, ಮೇಲೆ ಸುರಿದ ಹನಿ ಕ್ಷಣಕಾಲ ಗುರುತು ಉಳಿಸುತ್ತದೆ. ಸಾಬೂನು ಮಾಡುವವರು ಟ್ರೇಸ್ ಎನ್ನುವುದು ಈ ಹಂತಕ್ಕೆ. ಉಪ್ಪನ್ನು ಹಾಕಬೇಕಾದದ್ದು ಆಗಲೇ, ಅದೂ ಚಮಚದಿಂದ ಕಲಸಬೇಕು, ಬ್ಲೆಂಡರ್‌ನಿಂದಲ್ಲ. ಎಣ್ಣೆ ಮತ್ತು ಕಾಸ್ಟಿಕ್ ಪರಸ್ಪರ ಬೆರೆಯುವ ಮುನ್ನವೇ ಇಷ್ಟೊಂದು ಉಪ್ಪು ಬಿದ್ದರೆ ಅವುಗಳ ಕೂಡುವಿಕೆಗೆ ಅಡ್ಡಿಯಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸ್ವಾರಸ್ಯವೊಂದಿದೆ. ನೂರು ಗ್ರಾಂ ನೀರಿನಲ್ಲಿ ಕರಗಬಲ್ಲ ಉಪ್ಪು ಸುಮಾರು 36 ಗ್ರಾಂ. ನಮ್ಮ 146 ಗ್ರಾಂ ನೀರಿಗೆ ಅದು ಸುಮಾರು 53 ಗ್ರಾಂ ಆಯಿತು. ಆದರೆ ಆ ನೀರಿನಲ್ಲಿ ಆಗಲೇ ಕಾಸ್ಟಿಕ್‌ನ ಸೋಡಿಯಂ ತುಂಬಿರುವುದರಿಂದ ಅಷ್ಟೂ ಕರಗುವುದಿಲ್ಲ. ಹಾಕಿದ 300 ಗ್ರಾಂ ಉಪ್ಪಿನಲ್ಲಿ ಬಹುಪಾಲು ಹರಳಾಗಿಯೇ ಸಾಬೂನಿನ ನಡುವೆ ಹುದುಗಿ ಕೂರುತ್ತದೆ. ಕೈಯಲ್ಲಿ ಹಿಡಿದಾಗ ಸಾಬೂನು ಕಲ್ಲಿನಂತೆ ಭಾರವಾಗಿ, ಗಟ್ಟಿಯಾಗಿ ಇರುವುದು ಅದರಿಂದಲೇ. ಹಾಗಿದ್ದರೂ ಮೈಗೆ ತರಿತರಿ ಎನಿಸದಿರಲು ಕಾರಣ, ನೀರು ತಾಗಿದ ಕೂಡಲೇ ಮೇಲ್ಪದರದ ಹರಳುಗಳು ಕರಗಿ ಸಾಬೂನಿನ ಮೈ ನುಣುಪಾಗುವುದು. ಎರಡು ಮೂರು ಸ್ನಾನಗಳ ಬಳಿಕ ಹೊಳಪು ಕೊಟ್ಟ ಶಿಲೆಯ ಹಾಗೆ ಕಾಣುತ್ತದೆ. ನೊರೆ ದೊಡ್ಡ ಗುಳ್ಳೆಗಳದ್ದಲ್ಲ, ಸಣ್ಣದು, ದಟ್ಟವಾದದ್ದು. ಗುಳ್ಳೆ ಇಷ್ಟಪಡುವವರಿಗೆ ಇದು ಹಿಡಿಸದಿರಬಹುದು, ನನಗೆ ಇದರ ಮುಂದೆ ಬೇರೆ ಯಾವ ಸಾಬೂನಿನ ನೊರೆಯೂ ತೆಳುವೆನಿಸುತ್ತದೆ.

ಅಚ್ಚಿಗೆ ಸುರಿದ ಮೇಲೆ ಬೇರೆ ಸಾಬೂನಿನವರಂತೆ ಕಂಬಳಿ ಹೊದಿಸಿ ಮಾರನೆಯ ದಿನ ನೋಡೋಣ ಎಂದು ಬಿಟ್ಟು ಹೋಗಬಾರದು. ತೆಂಗಿನೆಣ್ಣೆ ಕಾಸ್ಟಿಕ್ ಜೊತೆ ಸೇರುವಾಗ ಬಿಸಿ ಜೋರಾಗಿ ಏಳುತ್ತದೆ, ಹೊದಿಕೆ ಅದಕ್ಕೆ ಬೇಕಿಲ್ಲ. ಉದ್ದನೆಯ ಅಚ್ಚಾದರೆ ಒಂದು ಗಂಟೆಯ ನಂತರ ಆಗಾಗ ಒತ್ತಿ ನೋಡುತ್ತಿರಿ. ಗಟ್ಟಿಯಾಗಿಯೂ ಇರಬೇಕು, ಇನ್ನೂ ಬೆಚ್ಚಗೂ ಇರಬೇಕು, ಕತ್ತರಿಸಲು ಅದೇ ಸಮಯ. ಸಾಮಾನ್ಯವಾಗಿ ಒಂದರಿಂದ ಮೂರು ಗಂಟೆಗಳ ಒಳಗೆ ಬರುತ್ತದೆ. ತಣ್ಣಗಾಗಲು ಬಿಟ್ಟರೆ ಚಾಕು ಇಟ್ಟಲ್ಲಿ ಒಡೆದು ಚೂರಾಗುತ್ತದೆ. ಹೊರಗೆ ಹೋಗುವ ಕೆಲಸವಿದ್ದ ದಿನ ಬಿಡಿಬಿಡಿ ಸಿಲಿಕೋನ್ ಅಚ್ಚುಗಳಲ್ಲಿ ಹೊಯ್ಯುವುದೇ ಕ್ಷೇಮ. ಕತ್ತರಿಸುವ ಗೊಡವೆಯೇ ಇರುವುದಿಲ್ಲ. ಪರಿಮಳಕ್ಕೆ ಲಾವಂಚದ ಎಣ್ಣೆಯೋ ಮಜ್ಜಿಗೆಹುಲ್ಲಿನ ಎಣ್ಣೆಯೋ ಸೇರಿಸಬಹುದು. ಲವಂಗದ ಎಣ್ಣೆ ಮಾತ್ರ ಬೇಡ, ಅದು ಮಿಶ್ರಣವನ್ನು ಪಾತ್ರೆಯಲ್ಲೇ ಗಟ್ಟಿ ಮಾಡಿಬಿಡುತ್ತದೆ.

ಒಂದೆರಡು ದಿನಗಳಲ್ಲಿ ಕಾಸ್ಟಿಕ್ ಬಹುತೇಕ ಮುಗಿದಿರುತ್ತದೆ. ಆದರೂ ಆರು ವಾರ ಮಾಗಿಸಬೇಕು ಎನ್ನುವುದು ಉಳಿದ ನೀರು ಹೊರಹೋಗಿ ಸಾಬೂನಿನ ಒಳರಚನೆ ಬಿಗಿಯಾಗಲಿ ಎಂದು. ಉಪ್ಪಿನ ಸಾಬೂನಿಗೆ ಮೂರು ತಿಂಗಳು ಕೊಟ್ಟರೆ ಇನ್ನೂ ಮೃದುವಾಗುತ್ತದೆ, ನೊರೆಯೂ ಹೆಚ್ಚುತ್ತದೆ. ಕಬ್ಬಿಣದ ಜಾಲರಿಯ ಮೇಲೆ ಜೋಡಿಸಬೇಡಿ. ಉಪ್ಪು ಅದಕ್ಕೆ ತುಕ್ಕು ಹಿಡಿಸಿ ಸಾಬೂನಿಗೂ ಕಲೆ ಬೀಳುತ್ತದೆ. ಬಿದಿರಿನ ತಟ್ಟೆ ಅಥವಾ ಕಾಗದ ಹಾಸಿದ ಪ್ಲಾಸ್ಟಿಕ್ ಬುಟ್ಟಿ ಒಳ್ಳೆಯದು.

ಯಾವ ತಿಂಗಳಲ್ಲಿ ಮಾಡಬೇಕು ಎಂಬುದು ಈ ಕರಾವಳಿಯಲ್ಲಿ ಪಾಕವಿಧಾನದಷ್ಟೇ ಮುಖ್ಯ. ಶುದ್ಧ ಸೋಡಿಯಂ ಕ್ಲೋರೈಡ್ ಕೂಡ ಗಾಳಿಯ ಸಾಪೇಕ್ಷ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ತೇವ ಹೀರಿ ತಾನೇ ಕರಗತೊಡಗುತ್ತದೆ. ಮೆಗ್ನೀಸಿಯಂ ಕ್ಲೋರೈಡ್‌ಗಾದರೋ 33 ಶೇಕಡಾ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾದ ಗಾಳಿ ಆ 75ರ ಗೆರೆಯ ಮೇಲೆಯೇ ಇರುತ್ತದೆ, ಅಡುಗೆಮನೆಯ ಉಪ್ಪಿನ ಡಬ್ಬಿ ಅದನ್ನು ದಿನವೂ ತೋರಿಸುತ್ತದೆ. ಸಾಬೂನಿನಲ್ಲಿ ಉಳಿದ ಗ್ಲಿಸರಿನ್ ಕೂಡ ತೇವವನ್ನು ಕರೆಯುವ ಗುಣದ್ದೇ. ಹಾಗಾಗಿ ಮಳೆಗಾಲದಲ್ಲಿ ಸಾಬೂನಿನ ಮೈ ಮೇಲೆ ಹನಿ ಮೂಡಿದರೆ ಗಾಬರಿಯಾಗಬೇಕಿಲ್ಲ. ಲೆಕ್ಕ ಸರಿಯಿದ್ದಲ್ಲಿ ಅದು ಕಾಸ್ಟಿಕ್ ಅಲ್ಲ, ಗಾಳಿಯಿಂದ ಬಂದ ನೀರು. ಒರೆಸಿ ಬಳಸಬಹುದು. ಆದರೂ ಡಿಸೆಂಬರ್‌ನಿಂದ ಫೆಬ್ರವರಿಯ ನಡುವೆ ಮಾಡಿ, ಮೇ ತಿಂಗಳವರೆಗೆ ಮಾಗಿಸಿ, ಮೊದಲ ಮಳೆಗೆ ಮುನ್ನ ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಡುವುದೇ ಸರಿಯಾದ ಕ್ರಮ. ಇದೇ ಸಾಬೂನನ್ನು ಪುಣೆಯಲ್ಲಿರುವ ಬಂಧುಗಳು ಮಾಡಿದರೆ ಅವರಿಗೆ ಇಷ್ಟು ಕಷ್ಟವಿರುವುದಿಲ್ಲ, ಘಟ್ಟದ ಮೇಲಿನ ಗಾಳಿ ಅಷ್ಟು ಒದ್ದೆಯಲ್ಲ.

ಉಪ್ಪಿನ ಸಾಬೂನು ವಿಷವನ್ನು ಹೊರಗೆಳೆಯುತ್ತದೆ, ಇಸುಬು ವಾಸಿ ಮಾಡುತ್ತದೆ ಎಂದು ಹೇಳಿ ಮಾರುವವರಿದ್ದಾರೆ. ಇದು ಗಟ್ಟಿಯಾದ, ದಟ್ಟ ನೊರೆಯ ಒಳ್ಳೆಯ ಸಾಬೂನು, ಔಷಧವಲ್ಲ. ಗಾಯವಿದ್ದಲ್ಲಿ, ಆಗಷ್ಟೇ ಕ್ಷೌರ ಮಾಡಿದ ಚರ್ಮದ ಮೇಲೆ ಉರಿಯುತ್ತದೆ. ಒಣ ಚರ್ಮದವರು ವಾರದಲ್ಲಿ ಒಂದೆರಡು ಸಲ ಬಳಸಿ ನೋಡಿ ಮುಂದುವರಿಯಲಿ. ಮಾರಾಟಕ್ಕೆಂದೇ ತಯಾರಿಸುವವರು 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ರಾಜ್ಯದ ಪರವಾನಗಿ ಪಡೆಯಬೇಕು, ಮನೆಯಲ್ಲಿ ಮಾಡಿದ್ದು ಎಂಬುದು ವಿನಾಯಿತಿಯಲ್ಲ.

ಕತ್ತರಿಸುವಾಗ ಪುಡಿಯಾದದ್ದನ್ನು ನೀರು ಹಾಕಿ ಕರಗಿಸಿ ಮತ್ತೆ ಅಚ್ಚಿಗೆ ಹೊಯ್ಯಬಹುದೇ ಎಂದು ಹಲವರು ಕೇಳುತ್ತಾರೆ. ಬೇರೆ ಸಾಬೂನಿಗೆ ಆ ಉಪಾಯ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ಹಾಕಿದ ನೀರನ್ನು ಮೊದಲು ಉಪ್ಪು ಹಿಡಿದುಕೊಳ್ಳುತ್ತದೆ, ಆ ಗಟ್ಟಿ ಉಪ್ಪುನೀರಿನಲ್ಲಿ ತೆಂಗಿನೆಣ್ಣೆಯ ಸಾಬೂನು ಕೂಡ ಕರಗಲಾರದೆ ಮುದ್ದೆಯಾಗಿಯೇ ಉಳಿಯುತ್ತದೆ. ಚೂರುಗಳನ್ನು ಹಾಗೆಯೇ ಮಾಗಿಸಿ, ತೆಳುವಾದ ಹತ್ತಿ ಬಟ್ಟೆಯ ಚೀಲದಲ್ಲಿ ಕಟ್ಟಿ ಬಚ್ಚಲಲ್ಲಿ ತೂಗುಹಾಕಿ. ಕಾಲು ತೊಳೆಯಲು, ಹಿಮ್ಮಡಿ ಉಜ್ಜಲು ಅದು ಇಡೀ ಸಾಬೂನಿಗಿಂತ ಅನುಕೂಲ.